ಸೊಲ್ಲು ತಲುಪುವ ಹೊತ್ತು

ಯಾರು ಮುಂದೆ ಹೋಗಬೇಕು, ಯಾರು ಕಾಯಬೇಕು ಎಂದು ಹೇಳುವುದು ನನ್ನ ಕೆಲಸ. ಹಾಗಂತ ಟ್ರಾಫಿಕ್ ಪೊಲೀಸಲ್ಲ. ಹೆಬ್ಬಾಳದ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಎಂಜಿನಿಯರು. ಆರ್.ಟಿ. ನಗರದಿಂದ ರಾಜಾನುಕುಂಟೆಯವರೆಗೆ ಕಂಬದಿಂದ ಕಂಬಕ್ಕೆ ನೇತಾಡುವ ಕಪ್ಪು ವೈರುಗಳನ್ನು ನೋಡಿ ನೀವು ಯಾವತ್ತಾದರೂ ಬೈದುಕೊಂಡಿದ್ದರೆ, ಅದರಲ್ಲಿ ಒಂದು ಪಾಲು ಬೈಗುಳ ನಮಗೆ ಸೇರಬೇಕು. ಸಂಜೆ ಜನ ಮನೆಗೆ ಬಂದು ಟಿವಿ, ಮೊಬೈಲು, ಮಕ್ಕಳ ಆಟ ಎಲ್ಲವನ್ನೂ ಒಂದೇ ಸಲ ಹಚ್ಚಿಕೊಂಡು ಕೂರುತ್ತಾರೆ, ಆಗ ದಾರಿ ತುಂಬಿಹೋಗುತ್ತದೆ. ಯಾವುದನ್ನು ಮೊದಲು ಬಿಡಬೇಕು, ಯಾವುದನ್ನು ಸಾಲಿನಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಜಗತ್ತಿನವರೆಲ್ಲ ಒಪ್ಪಿಕೊಂಡ ನಿಯಮಗಳಿವೆ. ಇದನ್ನು ವಿವರಿಸುವವರು ಆಂಬುಲೆನ್ಸಿನ ಉದಾಹರಣೆ ಕೊಡುತ್ತಾರೆ. ನಾನು ಕೊಡುವುದಿಲ್ಲ, ಏಕೆಂದರೆ ದಿನಾ ಹೆಬ್ಬಾಳದ ಫ್ಲೈಓವರ್ ಹತ್ತಿ ಇಳಿಯುವವಳಿಗೆ ಆಂಬುಲೆನ್ಸಿಗೆ ಜನ ಎಷ್ಟು ದಾರಿ ಬಿಡುತ್ತಾರೆಂದು ಗೊತ್ತು.

ಆ ನಿಯಮಗಳಲ್ಲಿ ನನಗೆ ತುಂಬ ಹಿಡಿಸಿದ್ದು ಮಾತಿಗೆ ಸಂಬಂಧಪಟ್ಟದ್ದು. ಯಾರೋ ಕಳಿಸಿದ ಫೋಟೋ, ಬ್ಯಾಂಕಿನ ಕಾಗದ, ಇಂಥವು ತಡವಾಗಿ ಬಂದರೂ ನಡೆಯುತ್ತದೆ, ಆದರೆ ಒಂದು ಚೂರೂ ಕಳೆದುಹೋಗಬಾರದು. ಕಳೆದರೆ ಮತ್ತೆ ಕೇಳಿ ತರಿಸಿಕೊಳ್ಳಬೇಕು. ಮಾತು ಹಾಗಲ್ಲ. ನಡುವೆ ಒಂದೆರಡು ಚೂರು ಬಿದ್ದುಹೋದರೆ ಕಿವಿ ಹೇಗೋ ತುಂಬಿಕೊಳ್ಳುತ್ತದೆ, ತಡವಾದರೆ ಮಾತ್ರ ಕೆಟ್ಟಿತು. ಒಂದು ಸೆಕೆಂಡನ್ನು ಏಳು ಪಾಲು ಮಾಡಿದರೆ, ಹೆಚ್ಚು ಕಡಿಮೆ ಅದರ ಒಂದು ಪಾಲಿನೊಳಗೆ ಈ ಕಡೆಯ ಮಾತು ಆ ಕಡೆ ಮುಟ್ಟಬೇಕು. ತನ್ನ ಸರದಿ ಮೀರಿ ಬಂದ ಚೂರನ್ನು ಫೋನೇ ಎಸೆದುಬಿಡುತ್ತದೆ. ಹೊತ್ತು ತಪ್ಪಿ ಬಂದ ಮಾತು ಅದಕ್ಕೆ ಬೇಡ.

ಇದನ್ನು ಒಂದು ಭಾನುವಾರ ಅವರೆಕಾಯಿ ಸುಲಿಯುತ್ತ ನಮ್ಮತ್ತೆ ಬೈರಮ್ಮನಿಗೆ ಹೇಳಿದ್ದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಏನು ಕಡಿದು ಗುಡ್ಡೆ ಹಾಕುತ್ತೀಯ ಎಂಬ ಧಾಟಿಯಲ್ಲಿ ಅವರು ಕೇಳಿದ್ದರಿಂದ ಸ್ವಲ್ಪ ಜೋರಾಗಿಯೇ ಹೇಳಿದ್ದೆ.

"ಸೋಬಾನೆನೂ ಅಂಗೇಯ ಕಣಮ್ಮಿ," ಅಂದರು ಅತ್ತೆ, ಕಾಳಿನಿಂದ ಕಣ್ಣೆತ್ತದೆ. "ಒಂದ್ ಪದ ಮರ್ತೋದ್ರೆ ಯಾರಿಗೂ ಗೊತ್ತಾಗಕಿಲ್ಲ. ಸೊಲ್ಲು ತಡ ಆಗ್ಬಾರ್ದು."

ನನಗೆ ಸಿಟ್ಟು ಬಂತು. ಅತ್ತೆಗೆ ಎಲ್ಲವೂ ಕೊನೆಗೆ ಸೋಬಾನೆಯೇ. ಗ್ಯಾಸ್ ಸಿಲಿಂಡರ್ ತಡವಾಗಿ ಬಂದರೂ ಅವರು ಅದನ್ನು ಯಾವುದೋ ಮದುವೆಯ ಸೋಬಾನೆಗೆ ತಂದು ಕಟ್ಟುತ್ತಾರೆ.

ಅವರು ಒಬ್ಬರೇ ಹಾಡುವವರಾಗಿದ್ದರೆ ಈ ಕತೆ ಇರುತ್ತಿರಲಿಲ್ಲ. ನಮ್ಮ ಮಾವ ಮುನಿವೆಂಕಟಯ್ಯನವರ ಅಣ್ಣನ ಹೆಂಡತಿ ಪಿಳ್ಳಮ್ಮ, ಅತ್ತೆಗೆ ವಾರಗಿತ್ತಿ, ನನಗೆ ದೊಡ್ಡತ್ತೆ. ನಮ್ಮ ಅಮೃತಹಳ್ಳಿ, ಪಕ್ಕದ ಜಕ್ಕೂರು, ಕೊಡಿಗೇಹಳ್ಳಿ ಇನ್ನೂ ಹಳ್ಳಿಗಳೇ ಆಗಿದ್ದ ಕಾಲದಲ್ಲಿ ಯಾರ ಮನೆಯ ಮದುವೆಯಾದರೂ ಇವರಿಬ್ಬರಿಗೆ ಹೇಳಿಕಳಿಸುತ್ತಿದ್ದರು. ದೊಡ್ಡತ್ತೆ ಮುಂದೆ ಒಂದು ಸಾಲು ಹೇಳುವುದು, ಅದರ ಕೊನೆಯ ಅಕ್ಷರ ಬಾಯಲ್ಲಿರುವಾಗಲೇ ನಮ್ಮತ್ತೆ ಅದಕ್ಕೆ ಉತ್ತರವಾಗಿ ಸೊಲ್ಲು ಹಿಡಿಯುವುದು, ಆ ಸೊಲ್ಲು ಮುಗಿಯುವ ಮೊದಲೇ ದೊಡ್ಡತ್ತೆ ಮುಂದಿನ ಸಾಲನ್ನು ಎತ್ತಿಕೊಳ್ಳುವುದು. ನಡುವೆ ಗಾಳಿ ಆಡಲೂ ಜಾಗವಿರುತ್ತಿರಲಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಒಬ್ಬಳೇ ಹೆಂಗಸು ಉಸಿರೇ ತೆಗೆದುಕೊಳ್ಳದೆ ಹಾಡುತ್ತಿದ್ದಾಳೆ ಅನ್ನಿಸುತ್ತಿತ್ತಂತೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದೆರಡು ಸಲ ಕೇಳಿದ್ದೇನೆ, ಆ ಮಾತು ನಿಜ.

ಹಾಡು ಬಿಟ್ಟರೆ ಇಬ್ಬರೂ ಹಾವು ಮುಂಗುಸಿ. ಸಾರಿಗೆ ಹುಣಸೆಹುಳಿ ಎಷ್ಟು ಎಂಬುದರಿಂದ ಹಿಡಿದು ಎಮ್ಮೆ ಯಾರು ಕರೆಯಬೇಕು ಎಂಬುದರವರೆಗೆ ಜಗಳ. ತಿಂಗಳುಗಟ್ಟಲೆ ಮಾತು ಬಿಟ್ಟಿರುತ್ತಿದ್ದರು. ಮದುವೆ ಬಂದರೆ ಒಂದೇ ಚಾಪೆಯ ಮೇಲೆ ಕೂತು ಸಂಜೆಯವರೆಗೆ ಹಾಡಿ, ಮನೆಗೆ ಬಂದು ಮತ್ತೆ ಮಾತು ಬಿಡುತ್ತಿದ್ದರು. ನಮ್ಮತ್ತೆಯ ಒಂದು ದೊಡ್ಡ ಕೊರಗು ಊರಿಗೆಲ್ಲ ಗೊತ್ತಿತ್ತು. ಅಕ್ಕ ಯಾವತ್ತೂ ಮುಂದೆ ಹೇಳಲು ತನ್ನನ್ನು ಬಿಡಲಿಲ್ಲ, ಬರೀ ಹಿಂದಿನ ಸೊಲ್ಲೇ ತನ್ನ ಪಾಲಿಗೆ ಬಂತು ಎಂದು.

ಅಣ್ಣತಮ್ಮಂದಿರ ಪಾಲಾದ ಮೇಲೆ ದೊಡ್ಡತ್ತೆಯ ಮಗ ಬ್ಯಾಟರಾಯಪ್ಪ ರಾಜಾನುಕುಂಟೆಯ ಹೊಸ ಲೇಔಟಿನಲ್ಲಿ ಮನೆ ಕಟ್ಟಿ ತಾಯಿಯನ್ನು ಕರೆದುಕೊಂಡು ಹೋದ. ಮಗನೂ ಸೊಸೆಯೂ ಚೆನ್ನಾಗಿಯೇ ನೋಡಿಕೊಂಡರು. ಹೋದ ವರ್ಷ ಬಚ್ಚಲಲ್ಲಿ ಜಾರಿ ದೊಡ್ಡತ್ತೆಯ ಸೊಂಟದ ಮೂಳೆ ಮುರಿಯಿತು, ಅದರ ಹಿಂದೆಯೇ ಎದೆಯಲ್ಲಿ ಕಫ ಕಟ್ಟಿತು. ಈಗ ಅವರು ಮಂಚ ಬಿಟ್ಟು ಇಳಿಯುವ ಹಾಗಿಲ್ಲ. ಇತ್ತ ನಮ್ಮತ್ತೆಯ ಮಂಡಿ ಹೋಗಿದೆ. ಕಾರಿನಲ್ಲಿ ಕರೆದುಕೊಂಡು ಹೋದರೆ ಯಲಹಂಕ ದಾಟುವಷ್ಟರಲ್ಲಿ ಕಾಲು ಊದಿಕೊಳ್ಳುತ್ತದೆ. ಹೋಗಿ ಬಂದ ಮೇಲೆ ಎರಡು ದಿನ ಗೋಡೆ ಹಿಡಿದು ಓಡಾಡುತ್ತಾರೆ. ಆದರೂ ತಿಂಗಳಿಗೊಮ್ಮೆ "ಅಕ್ಕನ್ನ ನೋಡ್ಬೇಕು" ಎಂದು ಹಟ ಹಿಡಿಯುತ್ತಿದ್ದರು. ಹೋಗಿ ಅಲ್ಲಿ ಜಗಳವಾಡಿ ಬರುತ್ತಿದ್ದರು. ಎದ್ದು ಕೂರಲಾರದವರ ಜೊತೆ ಏನು ಜಗಳ ಎಂದು ನಾನು ಬೈದರೆ, ಅವಳಿಗೆ ಬೇರೆ ಯಾರು ಎದುರು ಮಾತಾಡುತ್ತಾರೆ ಅನ್ನುತ್ತಿದ್ದರು.

ಹೀಗಿರುವಾಗ ನನ್ನ ನಾದಿನಿ ಧನುಶ್ರೀಗೆ ಮದುವೆ ಗೊತ್ತಾಯಿತು. ಅವಳು ಹುಟ್ಟಿದಾಗ ನಮ್ಮತ್ತೆಗೆ ಜ್ವರ ಬಂದು ಬಹಳ ದಿನ ಏಳಲಾಗಲಿಲ್ಲವಂತೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿ ಎದೆಯ ಮೇಲೆ ಮಲಗಿಸಿಕೊಂಡು ಬೆಳೆಸಿದ್ದು ದೊಡ್ಡತ್ತೆ. ಮದುವೆ ಯಲಹಂಕದ ಛತ್ರದಲ್ಲಿ, ಹಿಂದಿನ ದಿನದ ಚಪ್ಪರದ ಶಾಸ್ತ್ರ ನಮ್ಮ ಮನೆಯಂಗಳದಲ್ಲೇ. ಅರಿಶಿನ ಹಚ್ಚುವಾಗ ಸೋಬಾನೆ ಬೇಕು. ಯಾರೋ ಮೊಬೈಲಿನಲ್ಲಿ ಹಾಕಿಬಿಡೋಣ ಅಂದರು. ನಮ್ಮತ್ತೆ ಅವರನ್ನು ನೋಡಿದ ರೀತಿಗೆ ಆ ಮಾತು ಅಲ್ಲೇ ಸತ್ತಿತು.

"ಅಕ್ಕ ಇಲ್ದೆ ನಾನ್ ಪದ ಏಳಕಿಲ್ಲ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ ಲೈನಾಗೆ ಮಾತು ತಡ ಆಗ್ಬಾರ್ದು ಅಂತ ಕಾನೂನೈತೆ ಅಂದ್ಯಲ್ಲ. ಅಕ್ಕನ್ ದನಿ ತಂದ್ಕೊಡು ನೋಡಾನ."

ಇಂಥ ಮಾತಿಗೆ ನಾನು ಸುಮ್ಮನಿರುವವಳಲ್ಲ.

ಮೊದಲ ಸಲ ಸುಮ್ಮನೆ ವಿಡಿಯೋ ಕರೆ ಮಾಡಿದೆವು. ಪರದೆಯಲ್ಲಿ ದೊಡ್ಡತ್ತೆಯ ಮುಖ, ಹಿಂದೆ ದಿಂಬು, ಕಿಟಕಿಯಾಚೆ ಯಾರದೋ ಅರ್ಧ ಕಟ್ಟಿದ ಮನೆ. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಒಂದು ಸಾಲು ಹೇಳಿದರು. ನಮ್ಮತ್ತೆ ಸೊಲ್ಲು ಹಿಡಿದರು. ಆ ಸೊಲ್ಲು ಅಲ್ಲಿಗೆ ಮುಟ್ಟುವಷ್ಟರಲ್ಲಿ ದೊಡ್ಡತ್ತೆ ಕಾದು ಕಾದು ಮುಂದಿನ ಸಾಲಿಗೆ ಕಾಲಿಟ್ಟಿದ್ದರು, ಸೊಲ್ಲು ಕೇಳಿ ತಬ್ಬಿಬ್ಬಾಗಿ ನಿಂತರು. ಇವರೂ ನಿಂತರು. ಇಬ್ಬರೂ ಒಟ್ಟಿಗೆ ಶುರು ಮಾಡಿದರು, ಒಟ್ಟಿಗೆ ನಿಂತರು. ಧನುಶ್ರೀ ನಗಲು ಹೋಗಿ ಅಮ್ಮನ ಮುಖ ನೋಡಿ ಸುಮ್ಮನಾದಳು.

ಮಾರನೆಯ ದಿನ ಆಫೀಸಿನಲ್ಲಿ ಕೂತು ಆ ಕರೆ ಯಾವ ದಾರಿಯಲ್ಲಿ ಹೋಯಿತೆಂದು ಹುಡುಕಿದೆ. ರಾಜಾನುಕುಂಟೆಯ ಮನೆಗೆ ಬೇರೊಂದು ಕಂಪನಿಯ ಲೈನಿತ್ತು. ಅವರ ದಾರಿಯೂ ನಮ್ಮ ದಾರಿಯೂ ಕೂಡುವುದು ಮುಂಬೈಯಲ್ಲಿ. ಯಲಹಂಕ ದಾಟಿದರೆ ಸಿಗುವ ಊರಿನಿಂದ ದೊಡ್ಡತ್ತೆಯ ಸಾಲು ಮುಂಬೈಗೆ ಹೋಗಿ ಅಮೃತಹಳ್ಳಿಗೆ ಬರುತ್ತಿತ್ತು.

"ಮುಂಬೈಗಾ," ಅಂದರು ಅತ್ತೆ. "ಜಲ್ಮದಾಗೆ ದೇವನಹಳ್ಳಿ ದಾಟ್ದೋಳಲ್ಲ ಅವ್ಳು."

ನಮ್ಮ ಲೈನ್ ಕೆಲಸದ ಜಮೀರ್ ಆರ್.ಟಿ. ನಗರದವನು. ಮೂರು ಮಕ್ಕಳ ತಂದೆ, ಏಣಿ ಹತ್ತಿದರೆ ಹಾಡು ಗುನುಗುವ ಆಸಾಮಿ. ಅವನನ್ನು ಕಳಿಸಿ ರಾಜಾನುಕುಂಟೆಯ ಮನೆಗೆ ನಮ್ಮದೇ ವೈರು ಎಳೆಸಿದೆ. ಈಗ ಎರಡು ಮನೆಯೂ ನಮ್ಮ ದಾರಿಯಲ್ಲೇ ಸೇರಿದವು. ಉಳಿದದ್ದು ಯಾರು ಮೊದಲು ಎಂಬ ಸಾಲಿನ ಕೆಲಸ. ದಾರಿಯಲ್ಲಿ ಹೋಗುವ ಪ್ರತಿ ಚೂರಿನ ತಲೆಯ ಮೇಲೂ ಅದರ ದರ್ಜೆ ಹೇಳುವ ಒಂದು ಗುರುತಿರುತ್ತದೆ. ಮನೆಯವರು ತಾವೇ ಹಾಕಿಕೊಂಡು ಬಂದ ಗುರುತನ್ನು ನಾವು ನಂಬುವುದಿಲ್ಲ, ನಮ್ಮ ಬಾಗಿಲಲ್ಲೇ ಅಳಿಸಿಹಾಕುತ್ತೇವೆ. ಇಲ್ಲದಿದ್ದರೆ ಎಲ್ಲರದ್ದೂ ಅರ್ಜೆಂಟೇ. ಈ ಎರಡು ಮನೆಗಳ ನಡುವಿನ ಕರೆಗೆ ಮಾತ್ರ ಮೊದಲ ದರ್ಜೆಯ ಗುರುತು ಹಾಕಲು ನನ್ನ ಮೇಲಿನವರಾದ ಮನೋಹರ್ ಅವರನ್ನು ಕೇಳಿದೆ.

"ಸ್ಟಾಫ್ ಮನೆ ಟೆಸ್ಟ್ ಲೈನ್ ಅಂತ ಹಾಕ್ಕೊಳ್ಳಿ ನಂದಿತಾ," ಅಂದರು. "ಮದುವೆ ಮುಗಿದ್ಮೇಲೆ ತೆಗೆದ್ಬಿಡಿ. ನಿಮ್ಮತ್ತೆ ಹಾಡ್ತಾರೆ ಅಂತ ಇಡೀ ಅಮೃತಹಳ್ಳಿ ಕಾಯೋದ್ ಬೇಡ."

ಅಂದು ಸಂಜೆ ಎರಡನೆಯ ಸಲ ಕೂತೆವು. ಲ್ಯಾಪ್‌ಟಾಪಿನಲ್ಲಿ ಕರೆಯ ತಡ ತೋರಿಸುವ ಗೆರೆ ನೋಡಿದರೆ ಕಣ್ಣು ತಂಪಾಗುವಂತಿತ್ತು. ಒಂದು ಚೂರೂ ಕಳೆಯುತ್ತಿಲ್ಲ, ದಾರಿಯಲ್ಲಿ ತಡವೆಂಬುದೇ ಇಲ್ಲ. ಪುಸ್ತಕದಲ್ಲಿರುವ ಯಾವ ನಿಯಮಕ್ಕೆ ಹಿಡಿದು ನೋಡಿದರೂ ಪಾಸು. ದೊಡ್ಡತ್ತೆ ಶುರು ಮಾಡಿದರು, ಅತ್ತೆ ಹಿಡಿದರು. ಈ ಸಲ ನಿಲ್ಲಲಿಲ್ಲ. ಆದರೆ ಪ್ರತಿ ಸಾಲಿಗೂ ಹಾಡು ಒಂದಿಷ್ಟು ನಿಧಾನವಾಗುತ್ತ ಬಂತು. ಇವರ ಸೊಲ್ಲಿಗೆ ಅವರು ಕಾಯುವುದು, ಅವರು ಕಾದರೆಂದು ಇವರೂ ತಡೆಯುವುದು. ಗುಡ್ಡ ಹತ್ತಲಾರದ ಗಾಡಿಯ ಹಾಗೆ ಎಳೆದೂ ಎಳೆದೂ ಐದನೆಯ ಸಾಲಿಗೆ ಹಾಡು ನಿಂತೇಹೋಯಿತು.

"ನೀನ್ ಎಳೀತೀಯ ಕಣೆ ಬೈರಿ," ದೊಡ್ಡತ್ತೆ ರೇಗಿದರು.

"ನಾನೆಲ್ಲಿ ಎಳ್ದೆ. ನೀನೇ ನಿಂತ್ಕಂಡೆ."

"ನಿನ್ ಸೊಲ್ಲು ಬರ್ದೆ ಮುಂದ್ಕೆಂಗೆ ಓಗ್ಲಿ?"

"ನಾನ್ ಏಳ್ದೆ ಅಕ್ಕ. ಆಗ್ಲೇ ಏಳ್ದೆ."

ಆಮೇಲೆ ದೊಡ್ಡತ್ತೆ, "ನಿನ್ ದನಿ ಅಂಗೇ ಐತೆ ಬಿಡು," ಅಂದರು. ಕರೆಯನ್ನು ಇಬ್ಬರೂ ತುಂಡರಿಸಲಿಲ್ಲ. ಫೋನನ್ನು ಕಟ್ಟೆಯ ಮೇಲೆ ಒರಗಿಸಿ ಅತ್ತೆ ಸೊಪ್ಪು ಬಿಡಿಸುತ್ತ ಕೂತರು, ಅಲ್ಲಿ ದೊಡ್ಡತ್ತೆಯ ಸೊಸೆ ಪಾತ್ರೆ ಜೋಡಿಸುವ ಸದ್ದು ನಮ್ಮ ಅಡುಗೆಮನೆಯಲ್ಲಿ ಕೇಳುತ್ತಿತ್ತು. ಮೊದಲ ದರ್ಜೆಯ ಗುರುತು ಹೊತ್ತು ಬಂದ ಪಾತ್ರೆಯ ಸದ್ದು.

ಅಂದಿನಿಂದ ನಾನು ಮಾಡದ ಪ್ರಯೋಗವಿಲ್ಲ. ವೈಫೈ ಬಿಟ್ಟು ವೈರು ಹಾಕಿದೆ, ಫೋನು ಬದಲಿಸಿದೆ, ಸ್ಪೀಕರು ಬದಲಿಸಿದೆ. ತಡ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ದಾರಿಯಲ್ಲಿ ಇಲ್ಲದ ತಡ ಫೋನಿನ ಹೊಟ್ಟೆಯೊಳಗಿತ್ತು. ಬಂದ ಚೂರುಗಳನ್ನು ಅದು ಕ್ಷಣ ಹೊತ್ತು ಹಿಡಿದಿಟ್ಟು ಸಾಲು ಹಚ್ಚಿ ಆಮೇಲೆ ಕೇಳಿಸುತ್ತದೆ. ಮಾತಾಡುವಾಗ ಇದು ಯಾರಿಗೂ ತಿಳಿಯುವುದಿಲ್ಲ. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಒಬ್ಬರು ಮಾತು ಮುಗಿಸುವವರೆಗೆ ಇನ್ನೊಬ್ಬರು ಕಾಯುವ ಜನ. ಒಬ್ಬರ ಬಾಯಿಂದ ಇನ್ನೊಬ್ಬರು ಅಕ್ಷರ ಕಿತ್ತುಕೊಳ್ಳುವ ಈ ವಾರಗಿತ್ತಿಯರಿಗೆ ಆ ನಿಯಮ ಸಾಲದು.

ಒಂದು ದಿನ ಊಟದ ಡಬ್ಬಿ ಮುಂದಿಟ್ಟುಕೊಂಡು ಪೇಪರಿನ ಮೇಲೆ ಗೀಚುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಮನೆಗೆ ಬಂದವಳೇ ಅತ್ತೆಯನ್ನು ಜಗುಲಿಯಲ್ಲಿ ಕೂರಿಸಿಕೊಂಡೆ.

"ಅತ್ತೆ, ಎರಡೂ ಕಡೆ ಸರಿ ಮಾಡೋಕೆ ನನ್ ಕೈಲಾಗಲ್ಲ. ಒಂದ್ ಕಡೆ ಮಾಡ್ಬಹುದು. ಮುಂದೆ ಹೇಳೋರು ಹಿಂದಿನ ಸೊಲ್ಲು ಕೇಳಿಸ್ಕೊಳ್ಳೇಬಾರ್ದು. ಸೌಂಡ್ ಪೂರ್ತಿ ತೆಗೆದ್ಬಿಡ್ಬೇಕು. ಸೊಲ್ಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಮನಸ್ಸಲ್ಲೇ ಬಿಟ್ಟು ಮುಂದಿನ ಸಾಲು ಹೇಳ್ತಾ ಹೋಗ್ಬೇಕು. ಆಗ ಹಿಂದೆ ಹಿಡಿಯೋರ ಮನೇಲಿ ಎರಡು ದನಿನೂ ಕೂಡ್ಕೊಳುತ್ತೆ."

"ಮುಂದೆ ಏಳೋರ ಮನೇಲಿ?"

"ಅಲ್ಲಿ ಒಂದೇ ದನಿ. ಅವರದ್ದೇ."

ಅತ್ತೆ ಸೆರಗಿನ ತುದಿ ಸುತ್ತುತ್ತ ಯೋಚಿಸಿದರು. "ಮುಂದೆ ಏಳೋದು ಅಕ್ಕ ಅಲ್ವಾ," ಅಂದರು ಮೆಲ್ಲಗೆ.

"ಹೂಂ. ಅವರು ಅಲ್ಲಿಂದ ಹೇಳ್ಲಿ, ನೀವು ಇಲ್ಲಿ ಹಿಡೀರಿ. ಚಪ್ಪರದಲ್ಲಿ ಇರೋರಿಗೆಲ್ಲ ಮೊದಲಿನ ಹಾಗೇ ಕೇಳಿಸುತ್ತೆ."

ಭಾನುವಾರ ಜಮೀರ್ ರಾಜಾನುಕುಂಟೆಗೆ ಹೋಗಿ ದೊಡ್ಡತ್ತೆಯ ಮಂಚದ ಪಕ್ಕ ಕೂತು ಅಲ್ಲಿನ ಫೋನಿನ ಸೌಂಡ್ ತೆಗೆದ. ದೊಡ್ಡತ್ತೆ ಶುರು ಮಾಡಿದರು. ನಮ್ಮತ್ತೆ ಹಿಡಿದರು. ಮೂರು ಸಾಲು ಮುಗಿಯುವಷ್ಟರಲ್ಲಿ ಅಡುಗೆಮನೆಯಲ್ಲಿದ್ದ ನನ್ನ ಗಂಡ ಸೌಟು ಹಿಡಿದುಕೊಂಡೇ ಹಾಲಿಗೆ ಬಂದು ನಿಂತರು. ಧನುಶ್ರೀ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಒಬ್ಬಳೇ ಹೆಂಗಸು ಉಸಿರು ತೆಗೆದುಕೊಳ್ಳದೆ ಹಾಡುತ್ತಿದ್ದಾಳೆ ಅನ್ನಿಸಿತು. ನಮ್ಮತ್ತೆಯ ಮುಖ ನೋಡಬೇಕಿತ್ತು. ಅಷ್ಟು ಸುಖದ ಮುಖವನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ. ನಾನಂತೂ ಗೆದ್ದೆ ಎಂದುಕೊಂಡೆ.

ಹಾಡು ಮುಗಿದ ಮೇಲೆ ಜಮೀರ್ ಆ ಕಡೆಯ ಸೌಂಡ್ ಏರಿಸಿದ.

"ಆಯ್ತಾ?" ದೊಡ್ಡತ್ತೆ ಕೇಳಿದರು. "ಸಂದಾಗಿ ಬಂತಾ?"

"ಬಂತು ಅಕ್ಕ. ಬಲು ಸಂದಾಗಿ ಬಂತು."

"ನಂಗೆ ಗೋಡೆಗೆ ಪದ ಏಳ್ದಂಗಾಯ್ತು ಕಣೆ. ನೀನ್ ಇದ್ದೀಯೇನೋ ಇಲ್ವೇನೋ ಅನ್ನಂಗೆ." ಕೆಮ್ಮು ಬಂತು, ತಡೆದುಕೊಂಡರು. "ಇರ್ಲಿ ಬಿಡು. ಮಗಿಗೆ ಕೇಳ್ಸಿದ್ರೆ ಸಾಕು. ನಂದೇನು, ದಿನಾ ಈ ಗೋಡೆನೇ ನೋಡ್ತೀನಿ."

ನಮ್ಮತ್ತೆಯ ಮುಖದಲ್ಲಿದ್ದ ಸುಖ ಹಾಗೇ ಇಳಿದುಹೋಯಿತು. ಅಂದು ಅವರು ಊಟಕ್ಕೆ ಕೂತು ಮುದ್ದೆ ಮುರಿದು ಹಾಗೇ ಬಿಟ್ಟು ಎದ್ದರು. ಏನಾಯಿತು ಎಂದು ಕೇಳಿದರೆ ಉಪ್ಪು ಜಾಸ್ತಿ ಅಂದರು. ಉಪ್ಪು ಸರಿಯಾಗಿಯೇ ಇತ್ತು. ನಾನೇ ಹಾಕಿದ್ದು.

ಚಪ್ಪರದ ದಿನ ಅಂಗಳದಲ್ಲಿ ನೇರಳೆ ಸೊಪ್ಪಿನ ಹಸಿ ವಾಸನೆ. ಎರಡು ಕಂಬಕ್ಕೆ ಎರಡು ಸ್ಪೀಕರು ಕಟ್ಟಿಸಿದ್ದೆ. ಫೋನು ಒಂದು ಸ್ಟೂಲಿನ ಮೇಲೆ, ಅದರ ಪಕ್ಕ ಸ್ಪೀಕರಿನ ಸೌಂಡ್ ಏರಿಸಿ ಇಳಿಸುವ ಪೆಟ್ಟಿಗೆ, ಹಿಂದೆ ಲ್ಯಾಪ್‌ಟಾಪು ಇಟ್ಟುಕೊಂಡು ನಾನು. ಧನುಶ್ರೀಯನ್ನು ಹಸೆಮಣೆಯ ಮೇಲೆ ಕೂರಿಸಿದರು. ಹೆಂಗಸರೆಲ್ಲ ಸುತ್ತ ಚಾಪೆಯ ಮೇಲೆ ಸೇರಿದರು. ಪಿಳ್ಳಮ್ಮ ರಾಜಾನುಕುಂಟೆಯಿಂದಲೇ ಪದ ಹೇಳುತ್ತಾಳಂತೆ ಎಂದು ಆಗಲೇ ಊರೆಲ್ಲ ಸುದ್ದಿಯಾಗಿತ್ತು. ಪಕ್ಕದ ಮನೆಯ ಮುನಿಗಂಗಪ್ಪನವರ ಹೆಂಡತಿ ಎಲ್ಲರಿಗಿಂತ ಮುಂದೆ ಬಂದು ಕೂತಿದ್ದರು.

ಕರೆ ಸೇರಿತು. ಅಲ್ಲಿಂದ ಜಮೀರ್, "ಎಲ್ಲಾ ರೆಡಿ ಮೇಡಮ್," ಅಂದ. ನಾನು ಅತ್ತೆಗೆ ಸನ್ನೆ ಮಾಡಿದೆ. ದೊಡ್ಡತ್ತೆ ಶುರು ಮಾಡುವುದನ್ನು ಕಾಯುತ್ತ ಎಲ್ಲರೂ ಸ್ಪೀಕರಿನ ಕಡೆ ನೋಡಿದರು. ಅಲ್ಲಿಂದ ಏನೂ ಬರಲಿಲ್ಲ. ಆಗ ನಮ್ಮತ್ತೆ ಮುಂದೆ ಬಾಗಿ, ನಾನು ದಿನವೂ ಮಾಡುವುದನ್ನು ನೋಡಿ ಕಲಿತಿದ್ದರೋ ಏನೋ, ಪೆಟ್ಟಿಗೆಯ ಗುಂಡಿ ತಿರುಗಿಸಿ ನಮ್ಮ ಕಡೆಯ ಸೌಂಡ್ ಪೂರ್ತಿ ತೆಗೆದುಬಿಟ್ಟರು. ಸೆರಗು ಸರಿಮಾಡಿಕೊಂಡರು. ತಾವೇ ಎತ್ತಿಕೊಂಡರು.

*ಕೆರೆ ಏರಿ ಮ್ಯಾಲೆ ನಡೆದು ಬಾರೆ ಮಗಳೆ, ಕಾಲ್ಗೆಜ್ಜೆ ನೀರಿಗೆ ಕೇಳಲಿ…*

ಅದು ಮುಂದೆ ಹೇಳುವವಳ ಸಾಲು. ದೊಡ್ಡತ್ತೆಯ ಸಾಲು. ನಾನು ಗಾಬರಿಯಾಗಿ ಎದ್ದೆ. ಅತ್ತೆ ನನ್ನ ಕಡೆ ನೋಡದೆಯೇ ಅಂಗೈ ತೋರಿಸಿ ಕೂರು ಅಂದರು.

ಸಾಲು ಮುಗಿಯಿತು. ಮುಗಿದ ಮೇಲೆ ಅತ್ತೆ ಸುಮ್ಮನಾದರು. ತುಟಿ ಅಲುಗಲಿಲ್ಲ. ಮೊಣಕಾಲಿನ ಮೇಲೆ ಬೆರಳು ಮಾತ್ರ ತಾಳ ಹಾಕುತ್ತಿತ್ತು, ತಲೆ ಸಣ್ಣಗೆ ತೂಗುತ್ತಿತ್ತು. ಚಪ್ಪರದಲ್ಲಿ ಯಾರಿಗೂ ಕೇಳಿಸದ ಒಂದು ಸೊಲ್ಲು ಮುಗಿಯುವಷ್ಟು ಹೊತ್ತು ಹಾಗೇ ಇದ್ದು, ಅದರ ಬಾಲ ಹಿಡಿದ ಹಾಗೆ ಮುಂದಿನ ಸಾಲನ್ನು ಎತ್ತಿದರು.

ಎರಡನೆಯ ಸಾಲಿನ ನಂತರವೂ ಹಾಗೇ. ಹೆಂಗಸರು ಮುಖ ಮುಖ ನೋಡಿಕೊಂಡರು. ಮೂರನೆಯ ಸಾಲಿನ ನಂತರ ಆ ಮೌನ ಇನ್ನೂ ಉದ್ದವಾಯಿತು. ವಿಡಿಯೋದವನು ಕ್ಯಾಮೆರಾ ಇಳಿಸಿದ.

"ಪಾಪ, ಮರ್ತೋಗೈತೆ," ಅಂದರು ಯಾರೋ.

"ಮರ್ತಿಲ್ಲ ಕಣ್ರಮ್ಮಿ," ಮುನಿಗಂಗಪ್ಪನವರ ಹೆಂಡತಿ ಪಿಸುಗುಟ್ಟಿದರು. "ವಾರಗಿತ್ತಿ ಇಲ್ದಿದ್ ಹೊತ್ತು ನೋಡಿ ಮುಂದಿನ್ ಜಾಗ ಇಸ್ಕಂಡ್ಳು. ಸೊಲ್ಲು ಇಡ್ಯೋಕೆ ಯಾರವ್ರೆ ಈಗ."

ನನಗೆ ಆಕೆಯ ಜಡೆ ಹಿಡಿದು ಎಳೆಯಬೇಕು ಅನ್ನಿಸಿತು. ಆದರೆ ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು. ರಾಜಾನುಕುಂಟೆಯಿಂದ ಬರುವ ದನಿಗೆ ಒಂದು ಹಸಿರು ಗೆರೆ ಇತ್ತು. ಅತ್ತೆ ಹಾಡುವಾಗ ಅದು ಮಲಗಿರುತ್ತಿತ್ತು. ಅತ್ತೆ ಸುಮ್ಮನಾದ ಸ್ವಲ್ಪ ಹೊತ್ತಿಗೆ ಏಳುತ್ತಿತ್ತು, ಅವರು ಮುಂದಿನ ಸಾಲು ಎತ್ತಿದ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ಅಲ್ಲಿ, ಮಂಚದ ಮೇಲೆ, ದೊಡ್ಡತ್ತೆ ಸೊಲ್ಲು ಹಿಡಿಯುತ್ತಿದ್ದರು. ನಾನು ಅದನ್ನು ಕಂಡೆ, ಕೇಳಲಿಲ್ಲ.

ಗುಂಡಿಯ ಕಡೆ ಕೈ ಹೋಯಿತು, ಸುಳ್ಳು ಹೇಳುವುದಿಲ್ಲ. ಒಂದು ಸಲ ತಿರುಗಿಸಿದ್ದರೆ ಚಪ್ಪರದವರ ಬಾಯಿ ಮುಚ್ಚುತ್ತಿತ್ತು. ಆದರೆ ತಡವಾಗಿ ಬಂದ ಆ ಸೊಲ್ಲು ಅತ್ತೆಯ ಕಿವಿಗೂ ಬೀಳುತ್ತಿತ್ತು. ಜೀವಮಾನವಿಡೀ ಆ ದನಿಗೆ ಕಿವಿಗೊಟ್ಟವರು ಅದಕ್ಕೆ ಕಾಯದೆ ಇರಲಾರರು. ಕಾದರೆ ಅಲ್ಲಿ ಹಾಡು ಮುರಿಯುತ್ತಿತ್ತು. ಕೈ ಹಿಂದೆ ತೆಗೆದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡೆ.

ಧನುಶ್ರೀಗೆ ಯಾವಾಗ ಅರ್ಥವಾಯಿತೋ ಗೊತ್ತಿಲ್ಲ. ಕೆನ್ನೆಗೆ ಅರಿಶಿನ ಹಚ್ಚಿಸಿಕೊಂಡು ಅಮ್ಮನ ಬೆರಳನ್ನೇ ನೋಡುತ್ತಿದ್ದವಳ ಕಣ್ಣಿಂದ ನೀರು ಇಳಿದು ಅರಿಶಿನ ಕರಗುತ್ತಿತ್ತು. ಮಧ್ಯೆ ಮಧ್ಯೆ ಮೌನ ಬಿಟ್ಟುಕೊಂಡೇ ಅತ್ತೆ ಕೊನೆಯ ಸಾಲಿನವರೆಗೂ ಹಾಡಿದರು. ಎಲ್ಲೂ ಎಳೆಯಲಿಲ್ಲ, ಎಲ್ಲೂ ಓಡಲಿಲ್ಲ. ಕೊನೆಯ ಸೊಲ್ಲಿಗೂ ಜಾಗ ಬಿಟ್ಟು, ಅದು ಮುಗಿಯಿತು ಅನ್ನಿಸಿದ ಮೇಲೆ ತಾವೇ ಗುಂಡಿ ತಿರುಗಿಸಿದರು.

ಎರಡು ಕಂಬದ ಸ್ಪೀಕರಿನಿಂದಲೂ ದೊಡ್ಡತ್ತೆಯ ಏದುಸಿರು ಕೇಳಿತು.

"ಬೈರಿ," ಅಂದರು. ಮಾತಿಗೆ ಉಸಿರು ಸಾಲುತ್ತಿರಲಿಲ್ಲ. "ಒಂದ್ ಕಡೆನೂ ತಪ್ಲಿಲ್ಲ ಕಣೆ. ಒಂದ್ ಕಡೆನೂ. ಪಕ್ಕದಾಗೆ ಕುಂತಂಗಿತ್ತು. ನಿನ್ ಮಂಡಿ ನನ್ ಮಂಡಿಗೆ ತಾಕ್ದಂಗಿತ್ತು. ಅಲ್ಲೆಂಗಿತ್ತೆ?"

ಮುನಿಗಂಗಪ್ಪನವರ ಹೆಂಡತಿ ನೆಲ ನೋಡುತ್ತಿದ್ದರು.

"ಇಲ್ಲೂ ಅಂಗೇ ಇತ್ತು ಅಕ್ಕ," ಅಂದರು ನಮ್ಮತ್ತೆ. "ಎಲ್ರೂ ಕೇಳುದ್ರು."

ಸಂಜೆ ಜಮೀರ್ ಸಾಮಾನು ವಾಪಸು ತಂದಾಗ ಮೊದಲು ಅವನನ್ನು ಹಿಡಿದು ಬೈದೆ. ಬೆಳಿಗ್ಗೆಯೇ ಅತ್ತೆ ಅವನಿಗೆ ಫೋನ್ ಮಾಡಿ, ಆ ಕಡೆ ಸೌಂಡ್ ತೆಗೆಯಬೇಡ, ಜಾಸ್ತಿ ಮಾಡು, ಇವತ್ತು ಅಕ್ಕ ಸೊಲ್ಲು ಹಿಡಿಯಲಿ, ನನ್ನ ಸೊಸೆಗೆ ಮಾತ್ರ ಹೇಳಬೇಡ ಎಂದಿದ್ದರಂತೆ. "ಅಮ್ಮ ಹೇಳಿದ್ಮೇಲೆ ಏನ್ ಮಾಡ್ಲಿ ಮೇಡಮ್," ಎಂದು ತಲೆ ಕೆರೆದುಕೊಂಡ. ಎರಡು ದನಿಯೂ ಕೂಡಿದ್ದನ್ನು ಕೇಳಿದವರು ದೊಡ್ಡತ್ತೆಯ ಮನೆಯವರು ಬಿಟ್ಟರೆ ಇವನೊಬ್ಬ. ರೆಕಾರ್ಡ್ ಮಾಡಿಕೊಂಡೆಯಾ ಎಂದು ಕೇಳಿದೆ. ಅವನ ಮುಖ ಸಣ್ಣದಾಯಿತು. "ಜೇಬಲ್ಲೇ ನನ್ ಫೋನಿತ್ತು ಮೇಡಮ್. ಕೇಳ್ತಾ ಕೂತ್ಬಿಟ್ಟೆ."

ಮದುವೆ ಮುಗಿದ ಮೇಲೆ ನಾನು ಆ ಮೊದಲ ದರ್ಜೆಯ ಗುರುತನ್ನು ತೆಗೆಯಬೇಕಿತ್ತು. ಇನ್ನೂ ತೆಗೆದಿಲ್ಲ. ಮನೋಹರ್ ಅವರಿಗೆ ಕತೆ ಓದುವ ಅಭ್ಯಾಸವಿಲ್ಲ ಎಂಬ ಧೈರ್ಯ.

ಚಪ್ಪರದ ದಿನದ ಆ ಸಂಜೆ ನಾನೂ ಜಮೀರೂ ಮಾತಾಡುತ್ತಿದ್ದುದು ಕೇಳಿ ಅತ್ತೆ ಅರಿಶಿನದ ಬಟ್ಟಲುಗಳನ್ನು ಎತ್ತಿಕೊಂಡು ಜಗುಲಿಗೆ ಬಂದರು. ಜಮೀರ್ ಎದ್ದು ನಿಂತ.

"ಸೊಲ್ಲು ನಂಗೆ ಕಲ್ಸಿದ್ದೇ ಅಕ್ಕ. ಮೂರ್ನೇ ಸೊಲ್ನಾಗೆ ದನಿ ಏರುಸ್ತಾಳೆ," ಅಂದರು. "ಮೇಲಕ್ಕೋಗಿ ಅಲ್ಲೇ ಒಸಿ ಒತ್ತು ನಿಲ್ತಾಳೆ. ಇವತ್ತು ಉಸ್ರು ಸಾಲ್ತೋ ಇಲ್ವೋ. ಏರುಸುದ್ಲಾ?"

"ಏರ್ಸಿದ್ರು ಅಮ್ಮಾ," ಅಂದ ಜಮೀರ್. "ಅಲ್ಲೇ ನಿಂತ್ರು. ತುಂಬಾ ಹೊತ್ತು ನಿಂತ್ರು."

ಅತ್ತೆ ತಲೆಯಾಡಿಸಿದರು.

"ಅದ್ಕೇಯ ಅಲ್ಲಿ ಜಾಸ್ತಿ ಜಾಗ ಬಿಟ್ಟಿದ್ದೆ," ಎಂದು ಹೇಳಿ, ಬಟ್ಟಲು ತೊಳೆಯಲು ಹಿತ್ತಲಿಗೆ ಹೋದರು.